ಹೊಳೆಆಲೂರಿನ ವೋಲ್ಟೇಜಿಗೆ ತಕ್ಕ ಸೋಲ್ಡರಿಂಗ್ ಐರನ್

ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ ಎಲೆಕ್ಟ್ರಾನಿಕ್ ದುರಸ್ತಿಗೆ ಇಳಿಯುವವರು ಸೋಲ್ಡರಿಂಗ್ ಐರನ್ ಕೊಳ್ಳುವಾಗ ಸಾಮಾನ್ಯವಾಗಿ ನೋಡುವುದು ಬೆಲೆ ಮತ್ತು ಹಿಡಿಯ ಮೇಲೆ ಮುದ್ರಿಸಿದ ವ್ಯಾಟ್, ಇವೆರಡನ್ನೇ. ಆದರೆ ರೋಣ ತಾಲ್ಲೂಕಿನ ಹೊಳೆಆಲೂರಿನಂಥ ಊರಿನಲ್ಲಿ ಬೆಸುಗೆ ಹಾಕುತ್ತ ಬಂದವರ ಅನುಭವಕ್ಕೆ ಬರುವ ಮೊದಲ ಸಂಗತಿಯೆಂದರೆ, ಆ ವ್ಯಾಟ್ 230 ವೋಲ್ಟಿನ ಲೆಕ್ಕದಲ್ಲಿ ಬರೆದದ್ದು ಮತ್ತು ಪ್ಲಗ್ಗಿಗೆ ಅಷ್ಟು ವೋಲ್ಟೇಜು ಬರದಿದ್ದಾಗ ಅದೇ ಐರನ್ ಬೇರೆಯದೇ ಉಪಕರಣವಾಗಿಬಿಡುತ್ತದೆ.

ಸಾದಾ ಐರನ್ನಿನಲ್ಲಿ ಇರುವುದು ಕಾಯುವ ನಿಕ್ರೋಮ್ ತಂತಿ ಮತ್ತು ಅದರ ಬಿಸಿಯನ್ನು ಬೆಸುಗೆಯ ಜಾಗಕ್ಕೆ ಒಯ್ಯುವ ಬಿಟ್, ಅಂದರೆ ತಾಮ್ರದ ತುದಿ, ಇಷ್ಟೇ; ತುದಿ ಎಷ್ಟು ಕಾದಿದೆ ಎಂದು ಅಳೆಯುವ ಏರ್ಪಾಡು ಅದರಲ್ಲಿಲ್ಲ. ತಂತಿಯಲ್ಲಿ ಹುಟ್ಟುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 25 ವ್ಯಾಟಿನ ಐರನ್ 180 ವೋಲ್ಟಿನಲ್ಲಿ ಸುಮಾರು 15 ವ್ಯಾಟಿನದಾಗುತ್ತದೆ, 250 ವೋಲ್ಟಿನಲ್ಲಿ 30ರ ಹತ್ತಿರ ಹೋಗುತ್ತದೆ. ಹೊಲಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿಯುವುದನ್ನು ಕಂಡವರಿಗೆ ಇದು ಬರೀ ಲೆಕ್ಕವಲ್ಲ. ಆಗ ಸೋಲ್ಡರ್ ಕರಗುತ್ತದೆ, ಆದರೆ ಲೋಹಕ್ಕೆ ಹರಡಿ ಅಂಟಿಕೊಳ್ಳುವುದಿಲ್ಲ. ಮೇಲ್ನೋಟಕ್ಕೆ ಕೂಡಿದಂತೆ ಕಂಡು ಒಳಗೆ ಸಡಿಲವಾಗಿರುವ ಇಂಥ ಬೆಸುಗೆಯನ್ನೇ ದುರಸ್ತಿಗಾರರು ‘ಡ್ರೈ ಸೋಲ್ಡರ್’ ಎನ್ನುತ್ತಾರೆ. ಸೋಲ್ಡರ್ ಹರಿಯಲೆಂದು ಕಾಯುತ್ತ ಬಿಟ್ ಅನ್ನು ಒತ್ತಿ ಹಿಡಿದರೆ ಬೋರ್ಡಿನ ತಾಮ್ರದ ಪದರವೇ ಕಿತ್ತು ಬರುತ್ತದೆ. ಹೆಚ್ಚು ಬಿಸಿಯಾದ ಐರನ್ನಿಗೆ ಎಲ್ಲರೂ ಹೆದರುತ್ತಾರೆ. ಆದರೆ ಎರಡು ಮೂರು ಸೆಕೆಂಡಿನಲ್ಲಿ ಮುಗಿಯಬೇಕಾದ ಬೆಸುಗೆಯನ್ನು ಹತ್ತು ಸೆಕೆಂಡು ಎಳೆಯುವ ದುರ್ಬಲ ಐರನ್ ಕೆಡಿಸುವ ಬೋರ್ಡುಗಳೂ ಕಡಿಮೆಯಲ್ಲ.

ಆದ್ದರಿಂದ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಕೊಡಲು ಸಾಧ್ಯವಿದ್ದರೆ ಅದು ಹೋಗಬೇಕಾದದ್ದು ತಾಪಮಾನ ನಿಯಂತ್ರಣಕ್ಕೆ. ಈ ಬಗೆಯ ಐರನ್ನಿನಲ್ಲಿ 50 ಅಥವಾ 60 ವ್ಯಾಟಿನ ಹೀಟರ್ ಇದ್ದು, ತುದಿಯ ಬಿಸಿ ಇಳಿದೊಡನೆ ಅದು ಪೂರ್ಣ ಬಲದಿಂದ ಕಾಯಿಸಿ, ನಿಗದಿಯಾದ ಬಿಸಿ ಮುಟ್ಟಿದ ಮೇಲೆ ನಿಲ್ಲುತ್ತದೆ. ವೋಲ್ಟೇಜು ಕುಸಿದರೂ ಕೈಯಲ್ಲಿ ಉಳಿಕೆ ಬಲವಿರುತ್ತದೆ. ಹಿಡಿಯಲ್ಲಿ ತಿರುಗಿಸುವ ಗುಂಡಿ ಇದ್ದ ಮಾತ್ರಕ್ಕೆ ಐರನ್ ಈ ಜಾತಿಗೆ ಸೇರುವುದಿಲ್ಲ, ಏಕೆಂದರೆ ಕೆಲವು ಅಗ್ಗದ ಮಾದರಿಗಳಲ್ಲಿ ಆ ಗುಂಡಿ ಫ್ಯಾನಿನ ರೆಗ್ಯುಲೇಟರಿನಂತೆ ವಿದ್ಯುತ್ತನ್ನು ತಗ್ಗಿಸುತ್ತದೆಯೇ ಹೊರತು ಬಿಸಿಯನ್ನು ಅಳೆಯುವುದಿಲ್ಲ. ಹೆಸರು, ಕಡಲೆ ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ದಪ್ಪ ವೈರು ಮತ್ತು ಅಲ್ಯೂಮಿನಿಯಂ ತಗಡಿನ ಮೇಲೆ ಕೂಡಿಸಿದ ಎಲ್‌ಇಡಿ ಬಲ್ಬಿನ ಬೋರ್ಡು ಎರಡೂ ಶಾಖವನ್ನು ಹೀರಿಕೊಳ್ಳುವಂಥವು. 25 ವ್ಯಾಟಿನ ಐರನ್ ಸೋಲುವುದು ಅಲ್ಲೇ.

ಬಿಟ್‌ನ ವಿಷಯದಲ್ಲಿ ತಪ್ಪು ತಿಳುವಳಿಕೆ ಬಹಳ. ಕರಗಿದ ಸೋಲ್ಡರಿನಲ್ಲಿರುವ ತವರವು ತಾಮ್ರವನ್ನು ಮೆಲ್ಲಗೆ ಕರಗಿಸಿಕೊಳ್ಳುವುದರಿಂದ ಬರಿ ತಾಮ್ರದ ಬಿಟ್ ಗುಳಿಬೀಳುತ್ತದೆ ಮತ್ತು ಅದನ್ನು ಕಾನಸಿನಿಂದ ಉಜ್ಜಿ ಮತ್ತೆ ಹದಕ್ಕೆ ತರಬಹುದು. ಹೊಸ ಬಿಟ್‌ಗಳಲ್ಲಿ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪವಿರುತ್ತದೆ. ಹಳೆಯ ರೂಢಿಯಂತೆ ಅದನ್ನೂ ಕಾನಸಿನಿಂದ ಉಜ್ಜಿದರೆ ಲೇಪ ಹೋಗಿ ಬಿಟ್ ಬೇಗನೆ ಹಾಳಾಗುತ್ತದೆ. ಅಂಥ ಬಿಟ್ ಅನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಕೆಲಸ ಮುಗಿದಾಗ ತುದಿಗೆ ಸೋಲ್ಡರ್ ಹಚ್ಚಿಡುವುದೇ ಸಾಕು. ಸೂಜಿಮೊನೆಯ ಬಿಟ್ ಚಿಕ್ಕ ಕೆಲಸಕ್ಕೆ ಒಳ್ಳೆಯದೆಂದು ತೋರಿದರೂ ಅದು ತಾಗುವ ಜಾಗ ಕಡಿಮೆಯಾದ್ದರಿಂದ ಶಾಖ ದಾಟುವುದು ನಿಧಾನ. ಎರಡು ಮಿಲಿಮೀಟರಿನಷ್ಟು ಅಗಲದ ಉಳಿಯಾಕಾರದ ಬಿಟ್ ಬಹುಪಾಲು ಕೆಲಸಕ್ಕೆ ಮೇಲು. ಐರನ್ ಕೊಳ್ಳುವ ಮೊದಲೇ ಅದರ ಬಿಡಿ ಬಿಟ್ ರೈಲಿನಲ್ಲಿ ಹೋಗಿ ಬರುವ ಗದಗ ಇಲ್ಲವೆ ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಗುವುದೇ ಎಂದು ವಿಚಾರಿಸುವುದು ಜಾಣತನ.

ಮಲಪ್ರಭಾ ನದಿಯ ದಂಡೆಯ ಈ ಊರಿಗೆ ಇನ್ನೊಂದು ಬಗೆಯ ಕೆಲಸವೂ ಬರುತ್ತದೆ. 2009 ಮತ್ತು 2019ರ ನೆರೆಗಳಂಥ ಸಂದರ್ಭದಲ್ಲಿ ನೀರು ಕೆಸರು ಹೊಕ್ಕ ಟಿವಿ, ಇನ್ವರ್ಟರುಗಳ ಬೋರ್ಡು ಒಣಗಿದ ಮೇಲೂ ಅದರ ಬೆಸುಗೆಗಳ ಮೇಲೆ ಕಿಲುಬಿನ ಪೊರೆ ಕಟ್ಟಿರುತ್ತದೆ, ಅದನ್ನು ಬರಿ ಬಿಸಿ ಕಿತ್ತೊಗೆಯಲಾರದು. ಬೋರ್ಡನ್ನು ತೊಳೆದು ಒಣಗಿಸಿ, ಫ್ಲಕ್ಸ್, ಅಂದರೆ ಆ ಪೊರೆಯನ್ನು ಕರಗಿಸಿ ಲೋಹವನ್ನು ತೆರೆದುಕೊಡುವ ರಾಳದ ವಸ್ತು, ಹಚ್ಚಿದ ಮೇಲೆಯೇ ಸೋಲ್ಡರ್ ಹಿಡಿಯುತ್ತದೆ. 63 ಪಾಲು ತವರ, 37 ಪಾಲು ಸೀಸದ ಸೋಲ್ಡರ್ ವೈರು 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ ಕಲಿಯುವವರಿಗೆ ಅದೇ ಅನುಕೂಲ. ಹೊಸ ಉಪಕರಣಗಳಲ್ಲಿ ಹೆಚ್ಚಾಗಿ ಸೀಸವಿಲ್ಲದ ಸೋಲ್ಡರ್ ಇದ್ದು, ಅದು ಕರಗಲು 217 ಡಿಗ್ರಿಗೂ ಮೇಲೆ ಬೇಕಾಗುತ್ತದೆ. ಸೀಸದ ವೈರು ಮುಟ್ಟಿದವರು ಉಣ್ಣುವ ಮೊದಲು ಕೈ ತೊಳೆಯಲೇಬೇಕು.

ಕೊನೆಯದಾಗಿ, ಐರನ್ ಮೂರು ಪಿನ್ನಿನದೇ ಆಗಿರಬೇಕು. ಹೀಟರಿನಿಂದ ಬಿಟ್‌ಗೆ ಸೋರುವ ಸಣ್ಣ ವಿದ್ಯುತ್ತು ಮೊಬೈಲ್ ಬೋರ್ಡಿನ ಐಸಿಯನ್ನು ಕೊಲ್ಲಬಲ್ಲದು. ಬಿಟ್‌ಗೂ ಅರ್ಥ್ ಪಿನ್ನಿಗೂ ನಡುವೆ ಮಲ್ಟಿಮೀಟರ್ ಕೆಲವೇ ಓಮ್ ತೋರಿಸಿದರೆ ಐರನ್ನಿನ ಮಟ್ಟಿಗೆ ಸರಿ. ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಬೇರೆ ಮಾತು. ಈ ಭಾಗದ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದಾಗ ನೆಲದಲ್ಲಿ ಹೂತ ಅರ್ಥ್ ರಾಡಿಗೂ ಮಣ್ಣಿಗೂ ಇರುವ ಸಂಪರ್ಕ ಸಡಿಲವಾಗುವುದರಿಂದ, ರಾಡಿನ ಗುಂಡಿಗೆ ಆಗಾಗ ನೀರು ಹನಿಸುತ್ತಿರಬೇಕು.