ಜಗುಲಿ ಮೇಲೆ ಕೂತು ಕೇಳುವ ಕೆಲಸ

ಕಾಲು ಮುರಿದರೆ ಊರಿಗೆಲ್ಲ ಕಾಣುತ್ತದೆ. ಜ್ವರ ಬಂದರೆ ಮೈ ಮುಟ್ಟಿದವರಿಗೆ ಗೊತ್ತಾಗುತ್ತದೆ. ಮನಸ್ಸು ಸೊರಗಿದರೆ? ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸೊರಗಿದವರಿಗೇ ಎಷ್ಟೋ ಸಲ ತಿಳಿಯುವುದಿಲ್ಲ. "ನಂಗೆ ಏನೋ ಆಗದ" ಅನ್ನುತ್ತಾರೆ. ಅಷ್ಟೇ.

ಅಕ್ಕಂದಿರೇ, ಅಂಥವರ ಪಕ್ಕದಲ್ಲಿ ಕೂತು ಕೇಳುವುದೂ ಒಂದು ಕೆಲಸ. ಕಲಿತು ಮಾಡುವ ಕೆಲಸ. ಈ ಪಾಠ ಆ ಕೆಲಸದ್ದು.

ನಮ್ಮ ಮಾಂಬಳ್ಳಿಯಂಥ ಒಂದು ಊರು ಎಂದುಕೊಳ್ಳಿ. ಅಲ್ಲಿ ಒಬ್ಬ ಬಾಣಂತಿ. ಅವಳನ್ನು ಮಾದೇವಿ ಅನ್ನೋಣ. ಆ ಊರಿನ ಆಶಾ ಕಾರ್ಯಕರ್ತೆಯನ್ನು ನಾಗಮ್ಮ ಅನ್ನೋಣ. ಇದು ಪಾಠಕ್ಕಾಗಿ ಕಟ್ಟಿದ ಕತೆ. ಆದರೆ ಇಂಥದು ನಡೆಯದ ಊರಿಲ್ಲ.

ಮಾದೇವಿಗೆ ಹೆರಿಗೆಯಾಗಿ ಆರು ವಾರ. ಮೊದಲನೆಯದು ಹೆಣ್ಣು. ಎರಡನೆಯದೂ ಹೆಣ್ಣು. ಕೂಸು ದುಂಡಗಿದೆ. ಹಾಲೂ ಸಾಕಷ್ಟಿದೆ. ಆದರೆ ಮಾದೇವಿ ಕೂಸಿನ ಕಡೆ ನೋಡುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಕೂಸು ನಿದ್ದೆ ಮಾಡಿದರೂ ಅವಳಿಗೆ ನಿದ್ದೆ ಇಲ್ಲ. ತಟ್ಟೆಗೆ ಹಾಕಿದ ಮುದ್ದೆ ಆರಿ ಹೋಗುತ್ತದೆ. ತಲೆ ಬಾಚಿ ಎಷ್ಟು ದಿನವಾಯಿತೋ.

ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುವ ಹೊತ್ತು. ಸೊಪ್ಪು ಹಾಕಿ, ಹುಳು ಆರಿಸಿ, ಚಂದ್ರಿಕೆಗೆ ಬಿಟ್ಟು ಅತ್ತೆಗೆ ಸಾಕಾಗಿದೆ. "ನಾವೇನು ಹೆರಲಿಲ್ವಾ? ಮೈಗಳ್ಳತನ" ಎಂದು ಒಂದು ದಿನ ಬೈದರು. "ಗಾಳಿ ಸೋಕದ, ತಾಯತ ಕಟ್ಟಿಸಬೇಕು" ಎಂದು ಇನ್ನೊಂದು ದಿನ ಹೆದರಿದರು. ಗಂಡ ಏನೂ ಹೇಳಲಿಲ್ಲ. ಸಂಜೆ ಹೊರಗೆ ಹೋದವನು ತಡವಾಗಿ ಬರತೊಡಗಿದ.

ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನದವರೆಗೆ ಹಲವು ಸಲ ಬರಬೇಕು. ಅದು ಅವರ ಕೆಲಸ. 42ನೆಯ ದಿನ ನಾಗಮ್ಮ ಬಂದರು. ಕೂಸನ್ನು ತೂಗಿದರು. ಪುಸ್ತಕದಲ್ಲಿ ಬರೆದರು. ಆಮೇಲೆ ಮಾದೇವಿಯ ಕಡೆ ತಿರುಗಿದರು.

"ಕೂಸು ಚೆನ್ನಾಗದ. ನೀನು ಹೆಂಗಿದ್ದೀಯವ್ವ?"

ಮಾದೇವಿ ಮಾತಾಡಲಿಲ್ಲ. ಕಣ್ಣಲ್ಲಿ ನೀರು ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಆರು ವಾರದಲ್ಲಿ ಆ ಮನೆಗೆ ಎಷ್ಟೋ ಜನ ಬಂದು ಹೋದರು. ಎಲ್ಲರೂ ಕೂಸನ್ನು ನೋಡಿದರು. ಕೂಸು ಯಾರ ಹಾಗಿದೆ ಎಂದು ಮಾತಾಡಿದರು. "ನೀನು ಹೆಂಗಿದ್ದೀಯ" ಎಂದು ಕೇಳಿದವರು ಇವರೊಬ್ಬರೇ.

ನಾಗಮ್ಮ ಅತ್ತೆಯ ಕಡೆ ನೋಡಿ, "ದೊಡ್ಡವ್ವ, ಕುಡಿಯಕ್ಕೆ ಒಂಚೂರು ಕಾಪಿ ಕಾಯಿಸಿ" ಎಂದರು. ಅತ್ತೆ ಒಳಗೆ ಹೋದರು. ಇಬ್ಬರೂ ಜಗುಲಿಯ ಮೇಲೆ ಕೂತರು. ನಾಗಮ್ಮ "ಅಳಬೇಡ" ಅನ್ನಲಿಲ್ಲ. "ಎಲ್ಲಾರಿಗೂ ಕಷ್ಟ ಇದ್ದದ್ದೇ" ಅನ್ನಲಿಲ್ಲ. ತಮ್ಮ ಮನೆಯ ಕಷ್ಟ ಹೇಳಲಿಲ್ಲ. ಸುಮ್ಮನೆ ಕೂತರು. ಅಳು ನಿಂತ ಮೇಲೆ ಕೇಳಿದರು.

"ನಿದ್ದೆ ಬತ್ತದಾ?"

"ಇಲ್ಲ ಕಣಕ್ಕ. ಕಣ್ಣು ಮುಚ್ಚಿದ್ರೆ ಎದೆ ಡವಡವ ಅಂತದ."

"ಎಷ್ಟು ದಿನದಿಂದ?"

"ಕೂಸು ಹುಟ್ಟಿ ಎಂಟತ್ತು ದಿನಕ್ಕೇ ಸುರುವಾಯ್ತು. ಇದನ್ನ ಎತ್ಕೊಳ್ಳಕ್ಕೂ ಮನಸ್ಸು ಬರದಿಲ್ಲ. ನಾನು ಎಂಥಾ ತಾಯಿ ಅಕ್ಕ?"

"ಬದುಕದೇ ಬ್ಯಾಡ ಅನ್ನಿಸ್ತದಾ?"

ಮಾದೇವಿ ನೆಲ ನೋಡಿದಳು. "ಒಂದೊಂದು ಸಲ."

ಈ ಕೊನೆಯ ಪ್ರಶ್ನೆಯನ್ನು ಕೇಳಲು ನಮಗೆಲ್ಲ ಹೆದರಿಕೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗೆ ಆಗುತ್ತದೆ ಎಂದುಕೊಳ್ಳುತ್ತೇವೆ. ಹಾಗೆ ಆಗುವುದಿಲ್ಲ. ಕೇಳಿದರೆ ಒಳಗಿನ ಭಾರ ಹೊರಗೆ ಬರುತ್ತದೆ. ಮನೋವೈದ್ಯರೂ ಇದನ್ನು ನೇರವಾಗಿಯೇ ಕೇಳುತ್ತಾರೆ. "ಹೌದು" ಎಂಬ ಉತ್ತರ ಬಂದರೆ ಮುಂದಿನ ಕೆಲಸ ತಡ ಮಾಡಬಾರದು. ಆಕೆಯನ್ನು ಒಬ್ಬಳನ್ನೇ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬವನ್ನು ಮನೆಯಿಂದ ಆಚೆ, ಬೀಗದ ಒಳಗೆ ಇಡಬೇಕು. ಮನೆಯಲ್ಲಿ ಆಕೆ ನಂಬುವ ಒಬ್ಬರಿಗೆ ತಿಳಿಸಬೇಕು. ಆವತ್ತೇ, ಇಲ್ಲವೆಂದರೆ ಮಾರನೆಯ ದಿನ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಾಗಮ್ಮ ವೈದ್ಯರಲ್ಲ. ಮಾತ್ರೆ ಕೊಡಲಿಲ್ಲ. ರೋಗದ ಹೆಸರೂ ಹೇಳಲಿಲ್ಲ. ಆದರೆ ಒಂದು ಲೆಕ್ಕ ಅವರಿಗೆ ಗೊತ್ತಿತ್ತು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು, ಸಿಡುಕುವುದು ಬಹಳ ತಾಯಂದಿರಿಗೆ ಆಗುತ್ತದೆ. ಅದು ತಾನೇ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ ಅದು ಕಾಯಿಲೆ. ಅದಕ್ಕೆ ಬಾಣಂತಿ ಖಿನ್ನತೆ ಎಂದು ಹೆಸರು. ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಸೇರಿಸಿ ನೋಡಿದರು. 100 ತಾಯಂದಿರಲ್ಲಿ ಸುಮಾರು 22 ಜನರಿಗೆ ಇದು ಬರುತ್ತದೆ ಎಂದು ಕಂಡಿತು. ಒಂದು ಬೀದಿಯಲ್ಲಿ ಐದು ಬಾಣಂತಿಯರಿದ್ದರೆ ಒಬ್ಬಳು ಎಂದು ಲೆಕ್ಕ ಹಾಕಿ. ಇದು ಮೈಗಳ್ಳತನ ಅಲ್ಲ. ಕೆಟ್ಟ ತಾಯಿ ಎಂದೂ ಅಲ್ಲ. ಹೆರಿಗೆಯ ನಂತರ ಮೈಯೊಳಗೆ ದೊಡ್ಡ ಏರುಪೇರು ಆಗುತ್ತದೆ. ಅದರ ಜೊತೆ ನಿದ್ದೆಗೇಡು, ಹೆಣ್ಣು ಹೆತ್ತಳೆಂಬ ಚುಚ್ಚುಮಾತು, ಕುಡಿಯುವ ಗಂಡ, ಕೈಯಲ್ಲಿ ಕಾಸಿಲ್ಲದ್ದು ಎಲ್ಲ ಸೇರಿಕೊಳ್ಳುತ್ತವೆ.

ಬಾಣಂತಿ ಸನ್ನಿ ಎಂಬುದು ಬೇರೆ. ಹಿರಿಯರು ಈ ಮಾತು ಆಡುವುದನ್ನು ಕೇಳಿದ್ದೀರಿ. ಇಲ್ಲದ ದನಿ ಕೇಳಿಸುತ್ತದೆ. ಸಂಬಂಧವಿಲ್ಲದ ಮಾತು ಬರುತ್ತದೆ. ಕೂಸಿನ ಮೇಲೇ ಅನುಮಾನ ಬರುತ್ತದೆ. ಇದು ಅಪರೂಪ. ಆದರೆ ಬಂದರೆ ತಾಯಿಗೂ ಕೂಸಿಗೂ ಅಪಾಯ. ಒಂದು ರಾತ್ರಿಯೂ ಕಾಯಬೇಡಿ. ಇದಕ್ಕೂ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು 2009ರಿಂದ ಇದೆ.

ಮತ್ತೆ ಕತೆಗೆ ಬರೋಣ. ಆಸ್ಪತ್ರೆ ಎಂದ ಕೂಡಲೇ ಅತ್ತೆ ಬೆಚ್ಚಿದರು.

"ಹುಚ್ಚಿ ಅಂತ ಹೆಸರು ಬಂದ್ರೆ ಏನು ಗತಿ ನಾಗಮ್ಮ? ನಾಳೆ ಈ ಮಕ್ಕಳ ಮದುವೆ ಆಗಬೇಡ್ವಾ? ಮಾದಪ್ಪನಿಗೆ ಹರಕೆ ಕಟ್ಟಿವ್ನಿ, ಸರಿಹೋಯ್ತದ."

"ಹರಕೆ ಇರಲಿ ದೊಡ್ಡವ್ವ. ಬೆಟ್ಟಕ್ಕೆ ನಾನೂ ಬತ್ತೀನಿ. ಮೊದಲು ಯಳಂದೂರಿಗೆ ಹೋಗಿ ಬರವ. ಸಕ್ಕರೆ ಕಾಯಿಲೆಗೆ ನೀವು ಮಾತ್ರೆ ತಕ್ಕಳಲ್ವಾ? ಇದೂ ಹಂಗೆಯ. ನನ್ನ ಬಾಯಿಂದ ಒಂದು ಮಾತು ಹೊರಕ್ಕೆ ಹೋಗದಿಲ್ಲ."

ನಾಗಮ್ಮ ದೇವರನ್ನು ಬಯ್ಯಲಿಲ್ಲ. ಅತ್ತೆಯನ್ನೂ ಬಯ್ಯಲಿಲ್ಲ. ಬೈದಿದ್ದರೆ ಆ ಮನೆಯ ಬಾಗಿಲು ಮುಚ್ಚುತ್ತಿತ್ತು. ನನ್ನ ಕೇಳಿದರೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅವರ ಕೊನೆಯ ಮಾತು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು. ನಲ್ಲಿಯ ಹತ್ತಿರ ಆಡಿದ ಮಾತು ಸಂಜೆಗೆ ಊರೆಲ್ಲ ಸುತ್ತುತ್ತದೆ. ಒಂದು ಸಲ ಗುಟ್ಟು ಬಿಟ್ಟುಕೊಟ್ಟವಳ ಹತ್ತಿರ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ವೈದ್ಯರು ಮಾತಾಡಿಸಿದರು. ಮೈಯಲ್ಲಿ ರಕ್ತ ಕಡಿಮೆ ಇದೆಯೇ ಎಂದೂ ನೋಡಿದರು. ಹಾಲುಣಿಸುವ ತಾಯಿ ಎಂದು ತಿಳಿದು ಅದಕ್ಕೆ ಹೊಂದುವ ಮಾತ್ರೆ ಬರೆದರು. ಮೊದಲ ವಾರ ಏನೂ ಆಗಲಿಲ್ಲ. "ಸುಮ್ಕೆ ದುಡ್ಡು ದಂಡ" ಎಂದ ಗಂಡ. ಈ ಮಾತ್ರೆ ತಲೆನೋವಿನ ಮಾತ್ರೆ ಅಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ನುಂಗಬೇಕು. ನಮಗೆ ನಾವೇ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ನಾಗಮ್ಮ ವಾರಕ್ಕೆ ಎರಡು ಸಲ ಆ ದಾರಿಯಲ್ಲಿ ಹೋದರು. ಮಾತ್ರೆಯ ಪಟ್ಟಿ ನೋಡಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಗುರುತು ಹಾಕಲು ಮಾದೇವಿಗೆ ಹೇಳಿಕೊಟ್ಟರು. ರಾತ್ರಿ ಒಂದು ಹೊತ್ತು ಕೂಸನ್ನು ಎತ್ತಿಕೊಳ್ಳಲು ಗಂಡನಿಗೂ ಹೇಳಿದರು. ನಾಲ್ಕನೆಯ ವಾರ ಮಾದೇವಿ ತಾನಾಗಿ ಎದ್ದು ಕೂಸಿಗೆ ನೀರು ಹಾಕಿದಳು. ಅತ್ತೆ ಒಲೆ ಉರಿ ಮಾಡಿಕೊಟ್ಟರು.

ಇಂಥ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಹಿಂದೆ ಮನಸ್ಸಿನ ಕಾಯಿಲೆ ಎಂದರೆ ಬೆಂಗಳೂರಿನ ದೊಡ್ಡಾಸ್ಪತ್ರೆ ಒಂದೇ ಎಂಬ ಮಾತಿತ್ತು. ಮಾಂಬಳ್ಳಿಯಿಂದ ಅದು ನೂರು ಕಿಲೋಮೀಟರಿಗೂ ಮಿಗಿಲು ದೂರ. ಕೂಲಿ ಬಿಟ್ಟು ಯಾರು ಹೋಗುತ್ತಾರೆ? 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರಗೆ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ತೆರೆದರು. ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ಕಾಯಿಲೆ ಗುರುತಿಸಲು ಕಲಿಸಿದರು. 1980ರ ದಶಕದಲ್ಲಿ ಇದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಅದನ್ನು ನೋಡಿಯೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಾವು ಬಳ್ಳಾರಿ ಎಂದರೆ ಬಿಸಿಲು ಅನ್ನುತ್ತೇವೆ. ಇದನ್ನೂ ನೆನೆಯಬೇಕು.

ನಮ್ಮ ಯಳಂದೂರು ತಾಲ್ಲೂಕಿನದೂ ಒಂದು ಹೆಸರಿದೆ. ಅದು ಮೂರ್ಛೆ ರೋಗದ ವಿಷಯದಲ್ಲಿ. ಮೂರ್ಛೆ ಮಿದುಳಿನ ಕಾಯಿಲೆ, ಮನಸ್ಸಿನದಲ್ಲ. ಆದರೆ ಅದಕ್ಕೂ ದೆವ್ವ ಅನ್ನುತ್ತಿದ್ದೆವು. ಕೈಗೆ ಕಬ್ಬಿಣ ಕೊಡುತ್ತಿದ್ದೆವು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಜೊತೆಯವರು ನಮ್ಮ ತಾಲ್ಲೂಕಿನ ಹಳ್ಳಿಗಳ ರೋಗಿಗಳಿಗೆ ಕಡಿಮೆ ಬೆಲೆಯ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. ದಿನವೂ ತಪ್ಪದೆ ನುಂಗಿದರೆ ಹಳ್ಳಿಯಲ್ಲೇ ಫಿಟ್ಸು ಹತೋಟಿಗೆ ಬರುತ್ತದೆ ಎಂದು ತೋರಿಸಿದರು. 2001ರಲ್ಲಿ ಇದು ಇಂಗ್ಲೆಂಡಿನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರ ತಲೆಬರಹದಲ್ಲೇ ಯಳಂದೂರಿನ ಹೆಸರಿದೆ.

ದೂರದ ಒಂದು ದೇಶದ ಮಾತು ಕೇಳಿ. ಆಫ್ರಿಕಾದಲ್ಲಿ ಜಿಂಬಾಬ್ವೆ ಎಂಬ ದೇಶವಿದೆ. ಅಲ್ಲಿ ಮನೋವೈದ್ಯರು ಬಹಳ ಕಡಿಮೆ. 2006ರಲ್ಲಿ ಡಿಕ್ಸನ್ ಚಿಬಾಂಡಾ ಎಂಬ ವೈದ್ಯರು 14 ಜನ ಅಜ್ಜಿಯರಿಗೆ ತರಬೇತಿ ಕೊಟ್ಟರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು. ಅಜ್ಜಿ ಅಲ್ಲಿ ಕೂರುತ್ತಾಳೆ. ಸೊರಗಿದವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಅಜ್ಜಿ ಕೇಳುತ್ತಾಳೆ. ಎಲ್ಲ ಕಷ್ಟವನ್ನೂ ಒಟ್ಟಿಗೆ ಹಿಡಿಯದೆ, ಮೊದಲು ಯಾವ ಒಂದು ಗಂಟು ಬಿಚ್ಚೋಣ ಎಂದು ಇಬ್ಬರೂ ಸೇರಿ ಯೋಚಿಸುತ್ತಾರೆ. ಇದರಿಂದ ಖಿನ್ನತೆ ಕಡಿಮೆಯಾಯಿತು ಎಂದು 2016ರಲ್ಲಿ ಅಧ್ಯಯನ ತೋರಿಸಿತು. ಆ ಊರಿನ ಭಾಷೆಯಲ್ಲಿ ಈ ಕಾಯಿಲೆಗೆ "ಅತಿಯಾಗಿ ಯೋಚನೆ ಮಾಡುವುದು" ಎಂಬ ಅರ್ಥದ ಮಾತಿದೆಯಂತೆ. ನಾವೂ "ಯೋಚನೆ ಹತ್ಕೊಂಡದ" ಅನ್ನುವುದಿಲ್ಲವೇ?

ಈಗ ಕಾನೂನಿನ ಮಾತು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017ರಲ್ಲಿ ಆಯಿತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಮನಸ್ಸಿನ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟಬಾರದು ಎಂದು ಅದರಲ್ಲಿ ಬರೆದಿದೆ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ. ಕಾರ್ಡು ಇಲ್ಲ ಎಂದು ವಾಪಸು ಕಳಿಸುವ ಹಾಗಿಲ್ಲ. ರೋಗಿಯ ವಿಷಯವನ್ನು ಗುಟ್ಟಾಗಿ ಇಡಬೇಕಾದದ್ದು ವೈದ್ಯರ ಮರ್ಜಿಯಲ್ಲ, ಕಾನೂನು.

ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸಿಗುವುದಿಲ್ಲ. ಅದು ನಿಮಗೇ ಗೊತ್ತು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ದಿನವೂ ಬರುವುದಿಲ್ಲ, ಗೊತ್ತುಮಾಡಿದ ದಿನ ಬರುತ್ತಾರೆ. ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿ ಹೋಗಿ. ಮಾತ್ರೆ ಮುಗಿದಿದೆ ಎಂದರೆ, ಎಂದಿಗೆ ಬರುತ್ತದೆ ಎಂದು ಕೇಳಿ, ತಾರೀಖು ಬರೆಸಿಕೊಳ್ಳಿ. ಆಶಾ ಅಕ್ಕಂದಿರಿಗೂ ಸಿಗುವುದು ಗೌರವಧನ, ಸಂಬಳವಲ್ಲ. ಹೆರಿಗೆ, ಚುಚ್ಚುಮದ್ದು, ಸರ್ವೆ ಎಲ್ಲದರ ಮೇಲೆ ಇದೂ ಅವರ ತಲೆಗೆ ಬಂದಿದೆ. ಎಲ್ಲವನ್ನೂ ಅವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ. ಪಕ್ಕದ ಮನೆಯವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದನ್ನು ಮೊದಲು ಕಾಣುವವರು ನಾವು. ಆಶಾಗೆ ತಿಳಿಸುವುದು ನಮ್ಮಿಂದಲೂ ಆಗುತ್ತದೆ.

ಆಸ್ಪತ್ರೆಗೆ ಹೋಗಲು ಆಗದ ರಾತ್ರಿಯೂ ಇರುತ್ತದೆ. ಆಗ ಫೋನು ಮಾಡಬಹುದು. ನಂಬರು 14416. ಇದರ ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲಿ ಮಾತಾಡುತ್ತಾರೆ. ದುಡ್ಡಿಲ್ಲ.

ಹೊಸ ಪದಗಳು: ಖಿನ್ನತೆ, ಮನೋವೈದ್ಯ, ಬಾಣಂತಿ ಸನ್ನಿ, ಗುಟ್ಟು, ಕಾಯಿದೆ.

ಮಾತಾಡಿ: ಅಳುತ್ತಿದ್ದ ಮಾದೇವಿಗೆ ನಾಗಮ್ಮ ಯಾವ ಮಾತುಗಳನ್ನು ಹೇಳಲಿಲ್ಲ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಅತ್ತೆಯ ಹೆದರಿಕೆ ಸುಳ್ಳೇ, ನಿಜವೇ?

ಓದಿ: ಮನೆಯಲ್ಲಿರುವ ಯಾವುದಾದರೂ ಮಾತ್ರೆಯ ಪಟ್ಟಿ ತನ್ನಿ. ಅದರ ಮೇಲೆ ತಿಂಗಳು, ಇಸವಿ ಎಲ್ಲಿ ಅಚ್ಚಾಗಿದೆ ಹುಡುಕಿ. ಆ ತಾರೀಖು ದಾಟಿದೆಯೇ ನೋಡಿ.

ಬರೆಯಿರಿ: ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯ ಹೆಸರು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ. ಅದರ ಕೆಳಗೆ 1 4 4 1 6, ದೊಡ್ಡ ಅಂಕಿಯಲ್ಲಿ, ಗೋಡೆಗೆ ಅಂಟಿಸುವ ಹಾಗೆ.