ವಿಶಾಲಕೋನದ ಲೆನ್ಸಿನ ಅಂಚುಗತ್ತಲೆಯೂ ಒಂದು ಬಿಳಿಯ ಹಲಗೆಯೂ

ವಿಜಯಪುರದ ಗೋಲಗುಮ್ಮಟದ ಒಳಮೈಯನ್ನು 15 ಮಿಲಿಮೀಟರಿನ ಲೆನ್ಸಿನಿಂದ ಹಿಡಿದು ತಂದ ಮಿತ್ರರೊಬ್ಬರು ನನಗೆ ತೋರಿಸಿದ ಚಿತ್ರದಲ್ಲಿ, ಒಂದೇ ವರ್ಣದ ಗಾರೆಯ ಗೋಡೆ ಎಡಗಡೆ ಕುಂಕುಮದ ನೀರು ಚೆಲ್ಲಿದಂತೆ ಕೆಂಪಾಗಿಯೂ, ಬಲಗಡೆ ಪಾಚಿ ಹಿಡಿದಂತೆ ಹಸುರಾಗಿಯೂ, ನಾಲ್ಕು ಮೂಲೆಗಳಲ್ಲಿ ಹೊಗೆ ಕಟ್ಟಿದಂತೆ ಕಪ್ಪಾಗಿಯೂ ತೋರುತ್ತಿತ್ತು. ಅವರು ವೈಟ್ ಬ್ಯಾಲೆನ್ಸನ್ನು ಅತ್ತಿತ್ತ ಎಳೆದೆಳೆದು ಎರಡು ಸಂಜೆಗಳನ್ನು ಕಳೆದಿದ್ದರು. ಕೆಂಪನ್ನು ಕಳೆಯಹೋದರೆ ಹಸುರು ಹೆಚ್ಚುವುದು, ಹಸುರನ್ನು ಅಡಗಿಸಿದರೆ ಕೆಂಪು ತಲೆಯೆತ್ತುವುದು. ಇಡೀ ಚಿತ್ರಕ್ಕೆ ಒಂದೇ ಪ್ರಮಾಣದಲ್ಲಿ ಅನ್ವಯಿಸುವ ಸಾಧನದಿಂದ, ಎಡೆಯಿಂದ ಎಡೆಗೆ ಬದಲಾಗುವ ದೋಷವನ್ನು ನೀಗಿಸುವುದು ಸಾಧ್ಯವೇ ಇಲ್ಲವೆಂಬುದನ್ನು ಅನೇಕರು ಮನಗಾಣದಿರುವುದರಿಂದಲೇ ಈ ಲೇಖನವನ್ನು ಬರೆಯಬೇಕಾಯಿತು.

ಕಾರಣವನ್ನು ಸಂಕ್ಷೇಪವಾಗಿ ಹೇಳುವೆನು. ಸಮಮಿತ ರಚನೆಯ ವಿಶಾಲಕೋನದ ಲೆನ್ಸುಗಳ ಹಿಂಗಾಜು ಸೆನ್ಸರಿಗೆ ಅತಿ ಸಮೀಪದಲ್ಲಿರುವುದರಿಂದ ಅಂಚಿನ ಕಿರಣಗಳು ಬಹಳ ಓರೆಯಾಗಿ ಬಂದು ಬೀಳುತ್ತವೆ. ಓರೆ ಹೆಚ್ಚಿದಂತೆ ಬೆಳಕು ಆ ಕೋನದ ಕೊಸೈನಿನ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಕುಗ್ಗುವುದಾಗಿ, ಫುಲ್ ಫ್ರೇಮ್ ಸೆನ್ಸರಿನ ಮೂಲೆಯಲ್ಲಿ 21 ಮಿಲಿಮೀಟರಿನ ಲೆನ್ಸಿಗೆ ಸುಮಾರು 2 ಸ್ಟಾಪಿನಷ್ಟೂ 15 ಮಿಲಿಮೀಟರಿನದಕ್ಕೆ 3 ಸ್ಟಾಪಿಗಿಂತ ಹೆಚ್ಚೂ ನಷ್ಟವಾಗುತ್ತದೆ. ಫಿಲ್ಮು ಈ ಓರೆಯನ್ನು ಸಹಿಸುತ್ತಿತ್ತು. ಡಿಜಿಟಲ್ ಸೆನ್ಸರಿನಲ್ಲಾದರೋ ಪ್ರತಿಯೊಂದು ಪಿಕ್ಸೆಲಿನ ಮೇಲೆ ಸೂಕ್ಷ್ಮ ಮಸೂರವೂ ವರ್ಣಶೋಧಕವೂ ಇದ್ದು, ಓರೆಗಿರಣವು ಒಂದರ ಶೋಧಕವನ್ನು ಹಾದು ಪಕ್ಕದ ಪಿಕ್ಸೆಲಿಗೆ ಸೋರಿಬಿಡುತ್ತದೆ. ವರ್ಣಛಾಯೆಗೆ ಮುಖ್ಯ ಮೂಲವಿದು. 2009ರಲ್ಲಿ ಬಂದ ಲೈಕಾ ಎಂ9ರ ಬಳಕೆದಾರರು ಒಂದಂಚು ಕೆಂಪು, ಇನ್ನೊಂದಂಚು ಹಸುರಾದ ಚಿತ್ರಗಳಿಗೆ ‘ಇಟಲಿಯ ಬಾವುಟ’ವೆಂದು ಹೆಸರಿಟ್ಟಿದ್ದುದು ಈ ಕಾರಣದಿಂದಲೇ.

ಪರಿಹಾರವು ಸರಳವಾದುದು. ದೃಶ್ಯವನ್ನು ತೆಗೆದೊಡನೆಯೇ, ಅದೇ ಲೆನ್ಸು, ಅದೇ ಅಪರ್ಚರ್, ಅದೇ ಫೋಕಸ್ಸಿನಲ್ಲಿ, ಹಾಲುಬಿಳುಪಿನ ಅಕ್ರಿಲಿಕ್ ಹಲಗೆಯೊಂದನ್ನು ಲೆನ್ಸಿನ ಮೂತಿಗೆ ಒತ್ತಿ ಹಿಡಿದು ಇನ್ನೊಂದು ಚಿತ್ರವನ್ನು ತೆಗೆಯತಕ್ಕದ್ದು. ಲೆನ್ಸಿನ ದೋಷವನ್ನು ಸಾಫ್ಟ್‌ವೇರು ಅಳೆಯುವುದು ಈ ಆಧಾರಚಿತ್ರದಿಂದಲೇ. ನಾಮಫಲಕ ಮಾಡುವವರ ಅಂಗಡಿಯಲ್ಲಿ ಉಳಿಕೆಯ ತುಂಡುಗಳಾಗಿ ಸಿಕ್ಕುವ 3 ಮಿಲಿಮೀಟರ್ ದಪ್ಪದ ಹಲಗೆ ಸಾಕು. ನನ್ನದು ಅಂಗೈಯಗಲದ್ದು, ಕ್ಯಾಮರಾ ಚೀಲದ ಹೊರಜೇಬಿನಲ್ಲಿ ಹಳೆಯ ಮಲ್ಲುಪಂಚೆಯ ತುಂಡಿನಲ್ಲಿ ಸುತ್ತಿಕೊಂಡಿರುತ್ತದೆ. ಎರಡು ಚಿತ್ರಗಳೂ ರಾ ಫೈಲುಗಳಾಗಿರಲಿ. ಆಧಾರಚಿತ್ರದ ಎಕ್ಸ್‌ಪೋಶರನ್ನು ಹೆಚ್ಚಿಸಿ ಹಿಸ್ಟೋಗ್ರಾಮಿನ ಗುಡ್ಡವು ನಡುವನ್ನು ದಾಟಿ ಬಲಕ್ಕೆ ಸರಿಯಲಿ. ಆದರೆ ಬಲದ ಗೋಡೆಗೆ ತಾಕಕೂಡದು, ತಾಕಿದರೆ ನಡುವಿನ ಬೆಳಕಿನ ಅಳತೆಯೇ ತಪ್ಪಾಗುವುದು.

ಇನ್ನು ನಾನು ಪದೇ ಪದೇ ಕಂಡ ಪ್ರಮಾದವೊಂದುಂಟು. ಉಳಿದುದನ್ನೆಲ್ಲ ಮರೆತರೂ ಓದುಗರು ಇದನ್ನು ಮರೆಯಬಾರದೆಂದು ಬೇಡುವೆನು. ಹಲಗೆಯನ್ನು ತರುವ ಸೋಮಾರಿತನದಿಂದ ಕೆಲವರು ಆಕಾಶವನ್ನೋ ಮನೆಯ ಬಿಳಿಯ ಗೋಡೆಯನ್ನೋ ಆಧಾರಚಿತ್ರವಾಗಿ ಹಿಡಿಯುತ್ತಾರೆ. ಕಣ್ಣಿಗೆ ಆಕಾಶವು ಸಮವಾಗಿ ಕಾಣುವುದು ನಿಜ. ಆದರೆ ನೂರು ಡಿಗ್ರಿಗೂ ಮಿಕ್ಕಿ ವಿಸ್ತಾರವಾದ ದೃಷ್ಟಿಕೋನದಲ್ಲಿ ಸೂರ್ಯನ ಮಗ್ಗುಲು ಬೆಳ್ಳಗೂ ಎದುರು ಮಗ್ಗುಲು ಗಾಢ ನೀಲಿಯೂ ಆಗಿರುತ್ತದೆ, ಕಿಟಕಿಯ ಪಕ್ಕದ ಗೋಡೆಯಂತೂ ಮೊಳ ಮೊಳಕ್ಕೆ ಕಳೆಗುಂದುತ್ತ ಹೋಗುತ್ತದೆ. ಆ ಅಸಮತೆಯನ್ನು ಸಾಫ್ಟ್‌ವೇರು ಲೆನ್ಸಿನ ದೋಷವೆಂದೇ ನಂಬಿ, ಅದಕ್ಕೆ ವಿರುದ್ಧವಾದ ಬಣ್ಣವನ್ನು ನಿಮ್ಮ ಪ್ರತಿಯೊಂದು ಚಿತ್ರಕ್ಕೂ ಬಳಿಯುವುದು. ಇದ್ದ ದೋಷ ಹೋಗಿ ಇಲ್ಲದ ದೋಷ ಬಂದಂತಾಗುವುದಲ್ಲದೆ, ಹೊಸ ದೋಷದ ಮೂಲವು ತಿಂಗಳಾದರೂ ತಿಳಿಯದು. ನಾನೇ ಹಂಪೆಯ ಒಂದು ದಿನದ ಚಿತ್ರಗಳನ್ನೆಲ್ಲ ಹೀಗೆ ಕೆಡಿಸಿಕೊಂಡು, ಮತ್ತೆ ಮೊದಲಿನಿಂದ ಸಂಸ್ಕರಿಸಬೇಕಾಯಿತು.

ಹಲಗೆಯಿದ್ದರೂ ಪರೀಕ್ಷೆ ಅಗತ್ಯ. ಒಂದು ಆಧಾರಚಿತ್ರವನ್ನು ತೆಗೆದ ಮೇಲೆ ಕ್ಯಾಮರಾವನ್ನು ತಲೆಕೆಳಗು ಮಾಡಿ, ನಿಂತ ಜಾಗವನ್ನೂ ದಿಕ್ಕನ್ನೂ ಬದಲಾಯಿಸದೆ ಮತ್ತೊಂದನ್ನು ತೆಗೆಯಿರಿ. ಕ್ಯಾಮರಾ ತಾನಾಗಿಯೇ ತಿರುಗಿಸಿ ತೋರಿಸದಂತೆ ನೋಡಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟಾಗ, ಕೆಂಪು ಎರಡರಲ್ಲಿಯೂ ಎಡಗಡೆಯೇ ನಿಂತಿದ್ದರೆ ಅದು ಲೆನ್ಸು ಸೆನ್ಸರುಗಳ ದೋಷ. ಎಡದಿಂದ ಬಲಕ್ಕೆ ಹಾರಿದ್ದರೆ ಬಂದ ಬೆಳಕೇ ಅಸಮವಾಗಿತ್ತೆಂದು ತಿಳಿಯಬೇಕು. ಹಲಗೆಯ ಮೇಲೆ ನೇರ ಬಿಸಿಲು ಬಿದ್ದಿದ್ದರೆ, ಅಥವಾ ಬೆರಳಿನ ನೆರಳು ಮೂಲೆಯಲ್ಲಿ ಹಾಯ್ದಿದ್ದರೆ ಹೀಗಾಗುವುದು. ನೆರಳಿಗೆ ಸರಿದು ಇನ್ನೊಮ್ಮೆ ತೆಗೆಯುವುದೊಂದೇ ದಾರಿ. ಈ ಪರೀಕ್ಷೆಗೆ ಅರ್ಧ ನಿಮಿಷವೂ ಹಿಡಿಯದು.

ಮನೆಗೆ ಬಂದ ಮೇಲಿನ ಕೆಲಸ ಸಾಫ್ಟ್‌ವೇರಿನದು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ದೃಶ್ಯಚಿತ್ರವನ್ನೂ ಆಧಾರಚಿತ್ರವನ್ನೂ ಒಟ್ಟಿಗೆ ಆರಿಸಿ ಲೈಬ್ರರಿ ಮೆನುವಿನ ಫ್ಲ್ಯಾಟ್ ಫೀಲ್ಡ್ ಕರೆಕ್ಷನ್ನನ್ನು ಒತ್ತಿರಿ. ಆಧಾರಚಿತ್ರಗಳು ಯಾವಾಗಲೂ ದೃಶ್ಯದ ಹಿಂದೆಯೇ ಅಥವಾ ಯಾವಾಗಲೂ ಮುಂದೆಯೇ ಬರುವ ಕ್ರಮವನ್ನು ಪಾಲಿಸಿದರೆ ಗೊಂದಲವಿರದು. ಕ್ಯಾಪ್ಚರ್ ಒನ್‌ನಲ್ಲಿ ಇದಕ್ಕೆ ಎಲ್‌ಸಿಸಿ ಎಂದು ಹೆಸರು. ಹಣ ಕೊಡಲೊಲ್ಲದವರಿಗೆ ಉಚಿತವಾದ ರಾಥೆರಪಿ ಇದೆ. ಅದರ ರಾ ವಿಭಾಗದ ಫ್ಲ್ಯಾಟ್ ಫೀಲ್ಡ್‌ನಲ್ಲಿ ಆಧಾರಚಿತ್ರವನ್ನು ತೋರಿಸಿ ಬ್ಲರ್ ಬಗೆಯನ್ನು ಏರಿಯಾ ಎಂದು ಇಟ್ಟರೆ ಹಲಗೆಯ ಗೀರುಗಳು ಚಿತ್ರಕ್ಕೆ ಇಳಿಯುವುದಿಲ್ಲ. ಲೆನ್ಸ್ ಪ್ರೊಫೈಲಿನ ವಿನ್ಯೆಟಿಂಗ್ (ಅಂಚುಗತ್ತಲೆ) ತಿದ್ದುಪಡಿಯನ್ನು ಮಾತ್ರ ತಪ್ಪದೆ ನಿಲ್ಲಿಸಿಬಿಡಿ. ಎರಡೂ ಸೇರಿದರೆ ಮೂಲೆಗಳು ನಡುವಿಗಿಂತ ಬೆಳ್ಳಗಾಗುವುವು.

ಸ್ಥಳ ಮುಗಿಯುತ್ತ ಬಂದುದರಿಂದ ಎರಡೇ ಮಾತು. ಕುಗ್ಗಿದ ಮೂಲೆಯನ್ನು ಮೂರು ಸ್ಟಾಪು ಎತ್ತಿದಾಗ ನಾಯ್ಸು ರವೆಯಂತೆ ಎದ್ದುಬರುವುದರಿಂದ ಐಎಸ್‌ಒ 100ರಲ್ಲಿ, ಟ್ರೈಪಾಡಿನ ಮೇಲೆ ಚಿತ್ರ ತೆಗೆಯುವುದು ಲೇಸು. ಆಧಾರಚಿತ್ರವಿಲ್ಲದ ಹಳೆಯ ಚಿತ್ರಗಳಿದ್ದರೆ ಅದೇ ಕ್ಯಾಮರಾ, ಲೆನ್ಸು, ಅಪರ್ಚರ್, ಫೋಕಸ್ಸಿನಲ್ಲಿ ಈಗಲೂ ಒಂದನ್ನು ತೆಗೆದು ಬಳಸಬಹುದು. ಮಿತ್ರರ ಗುಮ್ಮಟವು ಹೀಗೆಯೇ ತನ್ನ ಗಾರೆಯ ಬಣ್ಣಕ್ಕೆ ಮರಳಿತು. ಫೋಕಸ್ಸನ್ನು ನೆನಪಿನಿಂದ ಇಟ್ಟಿದ್ದರಿಂದಲೋ ಏನೋ, ಎಡಗಡೆಯ ಕೆಳಮೂಲೆಯಲ್ಲಿ ತುಸು ಕೆಂಪು ಉಳಿದಿದೆ.