ಸಂಘದ ಹಾಲಿನ ಲೆಕ್ಕಕ್ಕೆ ಪಿವಟ್ ಟೇಬಲ್



ಕಳೆದ ಬೇಸಿಗೆಯಲ್ಲಿ ಹೊಳಲ್ಕೆರೆ ಕಡೆಯ ಒಂದು ಸಂಘಕ್ಕೆ ಹೋಗಿದ್ದೆ. ಹೆಣ್ಣುಮಗಳೊಬ್ಬರು ಕ್ಯಾನಿನ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಮೂರು ವಾರದಲ್ಲಿ ಅವರ ಹಾಲಿನ ಎಸ್‌ಎನ್‌ಎಫ್ 8.5ರಿಂದ 8.1ಕ್ಕೆ ಇಳಿದಿತ್ತು. "ನೀರು ಸೇರಿಸಿರಬೇಕು" ಎಂದು ಸಾಲಿನಲ್ಲಿದ್ದವರಾರೋ ಅಂದುಬಿಟ್ಟಿದ್ದರು. ಅವರಿಗೆ ದುಡ್ಡು ಕಡಿಮೆಯಾದದ್ದಕ್ಕಿಂತ ಆ ಮಾತೇ ಹೆಚ್ಚು ನೋವಾಗಿತ್ತು.

ಉತ್ತರದ ಅರ್ಧ ಭಾಗ ಸಂಘದ ಕಂಪ್ಯೂಟರಿನಲ್ಲೇ ಇತ್ತು, ಯಾರೂ ತೆಗೆದು ನೋಡಿರಲಿಲ್ಲ. 150 ಸದಸ್ಯರ ಸಂಘದಲ್ಲಿ ಎರಡು ಹೊತ್ತಿನ ಲೆಕ್ಕ ಹಿಡಿದರೆ ತಿಂಗಳಿಗೆ 9,000 ಸಾಲು ಮಾಹಿತಿ. ಕಣ್ಣಾಡಿಸಿ ಅರ್ಥಮಾಡಿಕೊಳ್ಳಲು ಆಗದು. ಎಕ್ಸೆಲ್‌ನ ಪಿವಟ್ ಟೇಬಲ್ ಇದನ್ನು ಒಂದು ಪುಟಕ್ಕೆ ಇಳಿಸುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಇದೆ, ಅದಕ್ಕೆ ದುಡ್ಡಿಲ್ಲ. ಡಿಗ್ರಿ ಓದುತ್ತಿರುವ ನಿಮ್ಮ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲು ಹಾಳೆ ಚೊಕ್ಕಟವಾಗಿರಬೇಕು. ಒಂದು ಸಾಲಿಗೆ ಒಬ್ಬ ಸದಸ್ಯರ ಒಂದು ಹೊತ್ತಿನ ಹಾಲು: ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್. ನಡುವೆ ಖಾಲಿ ಸಾಲಾಗಲಿ "ಒಟ್ಟು" ಎಂಬ ಸಾಲಾಗಲಿ ಬೇಡ. ಹೆಸರಿನ ಬದಲು ಸದಸ್ಯ ಸಂಖ್ಯೆಯನ್ನೇ ಬಳಸಿ. ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಒಂದು ಸಂಘಕ್ಕೆ ನಾಲ್ಕು ಜನ ತಿಪ್ಪೇಸ್ವಾಮಿಗಳಿರುತ್ತಾರೆ, ಕಂಪ್ಯೂಟರ್ ನಾಲ್ವರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದುಬಿಡುತ್ತದೆ! ದಿನಾಂಕಕ್ಕೆ ಚುಕ್ಕಿ ಇಟ್ಟು ಬರೆದರೆ ಎಕ್ಸೆಲ್ ಅದನ್ನು ಬರೀ ಅಕ್ಷರವೆಂದು ತಿಳಿಯುವುದುಂಟು, ಆಗ ವಾರವಾರು ಗುಂಪು ಮಾಡಲು ಬರುವುದಿಲ್ಲ. ಓರೆಗೆರೆ ಬಳಸಿ.

ಆಮೇಲೆ ಹಾಳೆಯೊಳಗೆ ಕ್ಲಿಕ್ ಮಾಡಿ, ಇನ್ಸರ್ಟ್‌ನಲ್ಲಿ ಪಿವಟ್ ಟೇಬಲ್ ಒತ್ತಿ. ಸದಸ್ಯ ಸಂಖ್ಯೆಯನ್ನು "ರೋಸ್" ಎಂಬಲ್ಲಿಗೆ, ದಿನಾಂಕವನ್ನು "ಕಾಲಮ್ಸ್"ಗೆ, ಲೀಟರನ್ನು "ವ್ಯಾಲ್ಯೂಸ್"ಗೆ ಎಳೆದುಬಿಡಿ. ದಿನಾಂಕದ ಮೇಲೆ ಬಲಗಡೆ ಕ್ಲಿಕ್ ಮಾಡಿ "ಗ್ರೂಪ್"ನಲ್ಲಿ 7 ದಿನ ಎಂದು ಕೊಟ್ಟರೆ ಪ್ರತಿ ಸದಸ್ಯರ ವಾರವಾರದ ಹಾಲು ಎದುರಿಗೆ ಬರುತ್ತದೆ. ಮೊತ್ತದ ಬದಲು "ಕೌಂಟ್" ಬಂದರೆ ಲೀಟರ್ ಕಾಲಮ್ಮಿನಲ್ಲಿ ಎಲ್ಲೋ ಖಾಲಿ ಮನೆಯೋ ಅಕ್ಷರವೋ ಇದೆ ಎಂದರ್ಥ. ಹೊಸ ಮಾಹಿತಿ ಸೇರಿಸಿದ ಮೇಲೆ "ರಿಫ್ರೆಶ್" ಒತ್ತದಿದ್ದರೆ ಹಳೆಯ ಲೆಕ್ಕವೇ ಕಾಣುತ್ತಿರುತ್ತದೆ.

ಇನ್ನು ಫ್ಯಾಟ್ ಸರಾಸರಿ. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಬೆಳಿಗ್ಗೆ 8 ಲೀಟರ್ ಹಾಲಿಗೆ 3.4, ಸಂಜೆ 4 ಲೀಟರಿಗೆ 4.2 ಬಂತೆನ್ನಿ. ಪಿವಟ್‌ನಲ್ಲಿ "ಆವರೇಜ್" ಕೇಳಿದರೆ 3.8 ಎನ್ನುತ್ತದೆ. ಅದು ತಪ್ಪು. ಬೆಳಗಿನ ಹಾಲು ಸಂಜೆಯ ಎರಡರಷ್ಟಿದೆ, ಅದರ ತೂಕವೂ ಎರಡರಷ್ಟಾಗಬೇಕು. 8×3.4ಕ್ಕೆ 27.2, 4×4.2ಕ್ಕೆ 16.8, ಒಟ್ಟು 44. ಅದನ್ನು 12 ಲೀಟರಿಗೆ ಭಾಗಿಸಿದರೆ 3.67. ಆದ್ದರಿಂದ ಹಾಳೆಯಲ್ಲಿ "ಲೀಟರ್ × ಫ್ಯಾಟ್", "ಲೀಟರ್ × ಎಸ್‌ಎನ್‌ಎಫ್" ಎಂಬ ಎರಡು ಕಾಲಮ್ ಹೆಚ್ಚಿಗೆ ಮಾಡಿ. ಪಿವಟ್‌ನ "ಕ್ಯಾಲ್ಕುಲೇಟೆಡ್ ಫೀಲ್ಡ್"ನಲ್ಲಿ ಅವನ್ನು ಲೀಟರಿನಿಂದ ಭಾಗಿಸಿ. ಅದು ಮೊದಲು ಮೊತ್ತ ಮಾಡಿ ನಂತರ ಭಾಗಿಸುವುದರಿಂದ ಸರಿಯಾದ ಸರಾಸರಿ ಸಿಗುತ್ತದೆ.

ಆ ಹೆಣ್ಣುಮಗಳ ಸಾಲನ್ನು ಹೀಗೆ ತೆಗೆದು ನೋಡಿದೆವು. ಎಸ್‌ಎನ್‌ಎಫ್ ವಾರವಾರವೂ ಇಳಿದಿತ್ತು, ಫ್ಯಾಟ್ ಮಾತ್ರ 3.8ರಲ್ಲೇ ನಿಂತಿತ್ತು. ನೀರು ಎರಡನ್ನೂ ತೆಳುವಾಗಿಸುತ್ತದೆ. ಎಸ್‌ಎನ್‌ಎಫ್ 8.1 ಆಗುವಷ್ಟು ನೀರು ಬಿದ್ದಿದ್ದರೆ ಫ್ಯಾಟ್ 3.6ರ ಆಸುಪಾಸಿಗೆ ಬರಬೇಕಿತ್ತು. ಇದೊಂದರಿಂದಲೇ ತೀರ್ಮಾನ ಹೇಳುವಂತಿಲ್ಲ, ಫ್ಯಾಟ್ ದಿನದಿನಕ್ಕೂ ಏರಿಳಿಯುತ್ತದೆ. ಮರುದಿನ ಬೆಳಿಗ್ಗೆ ಕೊಟ್ಟಿಗೆಗೇ ಹೋಗಿ ನಮ್ಮೆದುರಿಗೆ ಹಾಲು ಕರೆಸಿದೆವು. ಆಗಲೂ 8.1. ಸಿಎಂಟಿ ದ್ರಾವಣ ಹಾಕಿದಾಗ ಹಿಂದಿನ ಎಡ ಮೊಲೆಯ ಹಾಲು ಲೋಳೆಗಟ್ಟಿತು. ಹೊರಗೆ ಊತವೂ ಇಲ್ಲ, ಹಾಲಿನಲ್ಲಿ ಗೆಡ್ಡೆಯೂ ಇಲ್ಲ. ಗುಪ್ತ ಕೆಚ್ಚಲು ಬಾವು. ಚಿಕಿತ್ಸೆಯ ದಿನಗಳಲ್ಲೂ, ಔಷಧಿಯ ಮೇಲೆ ನಮೂದಿಸಿದ ಅವಧಿ ಮುಗಿಯುವವರೆಗೂ ಹಾಲನ್ನು ಡೈರಿಗೆ ಹಾಕಬೇಡಿ ಎಂದೆ. ಇದ್ದುದೊಂದೇ ಹಸು, ಆದರೂ ಅವರು ಹಾಕಲಿಲ್ಲ. ತಿಂಗಳೊಳಗೆ 8.4ಕ್ಕೆ ಬಂತು.

ಮೇವಿನ ಕೊರತೆಯಿಂದಲೂ ಎಸ್‌ಎನ್‌ಎಫ್ ಇಳಿಯುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರದ ನಾಲೆ ನೀರಿನಲ್ಲಿ ಹಸಿರು ಮೇವು ಬೆಳೆಯುವವರನ್ನೂ ಹೊಸದುರ್ಗದಲ್ಲಿ ರಾಗಿ ಹುಲ್ಲನ್ನೇ ನಂಬಿದವರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಒಂದು ಸಂಘದ ಈ ಏಪ್ರಿಲ್ಲನ್ನು ಅದೇ ಸಂಘದ ಹೋದ ಏಪ್ರಿಲ್ಲಿನೊಂದಿಗೆ ಹೋಲಿಸಿ.

ಮಹಾಸಭೆಯಲ್ಲಿ ತೋರಿಸುವಾಗ ಒಂದೇ ಪುಟ ಸಾಕು: ತಿಂಗಳವಾರು ಒಟ್ಟು ಲೀಟರ್, ಸರಾಸರಿ ಫ್ಯಾಟ್, ಎಸ್‌ಎನ್‌ಎಫ್, ಜೊತೆಗೊಂದು ಗೆರೆಚಿತ್ರ. ಹಿಂದಿನ ಸಾಲಿನಲ್ಲಿ ಕೂತ ಅಜ್ಜನಿಗೂ ಅಂಕಿ ಕಾಣುವಷ್ಟು ದಪ್ಪವಿರಲಿ. ಸದಸ್ಯವಾರು ಪಟ್ಟಿಯನ್ನು ಮಾತ್ರ ಗೋಡೆಗೆ ಅಂಟಿಸಬೇಡಿ. ಅದನ್ನು ಕಾರ್ಯದರ್ಶಿ ಇಟ್ಟುಕೊಂಡು, ಎರಡು ವಾರ ಸತತವಾಗಿ ಇಳಿದವರ ಸಂಖ್ಯೆಗಳನ್ನು ನಾನು ಭೇಟಿಗೆ ಬಂದ ದಿನ ಕೈಗೆ ಕೊಟ್ಟರೆ ಮೊದಲು ಆ ಕೊಟ್ಟಿಗೆಗಳಿಗೇ ಹೋಗುತ್ತೇನೆ.